ಹಿಂದಿನ ರೂಮಿಗೆ ಬಿಸಿ ತಲುಪಿಸುವ ಕೆಲಸ: ಲೀಡ್ಸ್ ಮನೆಯ ಹೀಟಿಂಗ್ ಡೈರಿ

ಸೆಪ್ಟೆಂಬರ್ ಮೊದಲ ವಾರ

ನೀರು ಕಾಯಿಸಿ ಪೈಪ್ ಮೂಲಕ ಪ್ರತಿ ರೂಮಿನ ರೇಡಿಯೇಟರ್‌ಗೆ ಕಳಿಸುವ ನಮ್ಮ ಬಾಯ್ಲರ್‌ನ ಪ್ರೆಶರ್ ಮುಳ್ಳು 0.6 ಬಾರ್‌ಗೆ ಇಳಿದಿದೆ. ನೀರು ತಣ್ಣಗಿರುವಾಗ ಅದು 1ರಿಂದ 1.5ರ ಮಧ್ಯೆ ಇರಬೇಕು. ಏಪ್ರಿಲ್‌ನಲ್ಲಿ ಹೀಟಿಂಗ್ ನಿಲ್ಲಿಸುವಾಗ 1.3 ಇತ್ತು ಅಂತ ಬಾಯ್ಲರ್ ಪಕ್ಕದ ಚೀಟಿಯಲ್ಲಿ ಬರೆದಿಟ್ಟಿದ್ದೆ. ಅಂದರೆ ಬೇಸಿಗೆಯಲ್ಲಿ ಸುಮ್ನೆ ಕೂತಿದ್ದ ಸಿಸ್ಟಮ್‌ನಿಂದ ನೀರು ಎಲ್ಲೋ ಹೋಗಿದೆ.

ನೀರು ತುಂಬಿಸುವುದು ಎರಡು ನಿಮಿಷದ ಕೆಲಸ. ಬಾಯ್ಲರ್ ಕೆಳಗಿನ ಬೆಳ್ಳಿ ಬಣ್ಣದ ಹೆಣೆದ ಪೈಪ್ ಜೋಡಿಸಿ, ವಾಲ್ವ್ ತಿರುಗಿಸಿ, ಮುಳ್ಳು 1.2 ದಾಟಿದ ಮೇಲೆ ಮುಚ್ಚಿದರೆ ಮುಗಿಯಿತು. ಆದರೆ ನೀರು ಹೋಗಿದ್ದೆಲ್ಲಿ ಅಂತ ಹುಡುಕದೆ ಪದೇಪದೇ ತುಂಬಿಸುವುದು ನನಗೆ ಇಷ್ಟವಿಲ್ಲ. ಹೊಸ ನೀರಿನ ಜೊತೆ ಹೊಸ ಆಮ್ಲಜನಕ ಒಳಗೆ ಹೋಗುತ್ತದೆ. ಅದು ರೇಡಿಯೇಟರ್‌ನ ಉಕ್ಕನ್ನು ಒಳಗಿನಿಂದ ತಿನ್ನುತ್ತದೆ. ತುಕ್ಕು ಹಿಡಿಯದಿರಲಿ ಅಂತ ಹಾಕಿದ ಇನ್‌ಹಿಬಿಟರ್ ದ್ರವವೂ ತೆಳುವಾಗುತ್ತಾ ಹೋಗುತ್ತದೆ.

ಸೋರಿಕೆ ಹುಡುಕಲು ನನ್ನ ಸಲಕರಣೆ ಟಿಶ್ಯೂ ಪೇಪರ್. ಪ್ರತಿ ರೇಡಿಯೇಟರ್‌ನ ಎರಡೂ ವಾಲ್ವ್‌ಗಳಿಗೆ ಒಣ ಟಿಶ್ಯೂ ಸುತ್ತಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಬಾತ್‌ರೂಮಿನದು ಮಾತ್ರ ಒದ್ದೆ. ಟಾರ್ಚ್ ಹಿಡಿದು ನೋಡಿದರೆ ವಾಲ್ವ್ ಕಡ್ಡಿಯ ಬುಡದ ನಟ್ ಸುತ್ತ ಹಸಿರು ಮಿಶ್ರಿತ ನೀಲಿ ಪುಡಿ ಕಟ್ಟಿಕೊಂಡಿತ್ತು. ತಿಂಗಳುಗಟ್ಟಲೆ ಹನಿ ಹನಿಯಾಗಿ ಜಿನುಗಿ ಅಲ್ಲೇ ಆರಿದ ಗುರುತು ಅದು. ನೆಲಕ್ಕೆ ಒಂದು ಹನಿಯೂ ಬಿದ್ದಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗಿಲ್ಲ. ಸ್ಪ್ಯಾನರ್‌ನಿಂದ ಆ ನಟ್ ಸ್ವಲ್ಪವೇ ಬಿಗಿ ಮಾಡಿದೆ. ಮಾರನೇ ದಿನ ಟಿಶ್ಯೂ ಒಣಗಿತ್ತು. ಆಮೇಲೆ ನೀರು ತುಂಬಿಸಿದೆ. ಆ ಬೆಳ್ಳಿ ಪೈಪ್ ಕೆಲಸ ಮುಗಿದ ಮೇಲೆ ಬಿಚ್ಚಿಡಬೇಕು, ಹಾಗೇ ಬಿಡಬಾರದು. ಕುಡಿಯುವ ನೀರಿನ ಲೈನಿಗೂ ಹೀಟಿಂಗ್‌ನ ಕೊಳಕು ನೀರಿಗೂ ಸಂಬಂಧ ಉಳಿಯಬಾರದು.

ಅದೇ ವಾರ, ಮುಂದುವರಿಕೆ

ಈ ಸಲ ಇಷ್ಟು ಬೇಗ ಶುರು ಮಾಡಿದ್ದಕ್ಕೆ ಕಾರಣ ಮಹಡಿ ಮೇಲಿನ ಹಿಂದಿನ ರೂಮು. ಅಪ್ಪ ಅಮ್ಮ ದಾವಣಗೆರೆಯಿಂದ ದೀಪಾವಳಿಗೆ ಮುಂಚೆ ಬರುತ್ತಾರೆ, ಜನವರಿವರೆಗೆ ಇರುತ್ತಾರೆ, ಆ ರೂಮಿನಲ್ಲೇ ಮಲಗುತ್ತಾರೆ. ಕಳೆದ ಚಳಿಗಾಲದಲ್ಲಿ ಕೆಳಗೆ ಬಾಗಿಲ ಹತ್ತಿರದ ಪ್ಯಾಸೇಜ್ 22 ಡಿಗ್ರಿ ಇದ್ದರೆ ಅಲ್ಲಿ 16. ಇವರು ಊರಲ್ಲಿ 18 ಡಿಗ್ರಿಗೇ ಸ್ವೆಟರ್, ಮಫ್ಲರ್ ತೆಗೆಯುವ ಜನ.

ಯಾರಿಗೆ ಹೇಳಿದರೂ ಮೊದಲ ಪ್ರಶ್ನೆ ಒಂದೇ: ‘ಬ್ಲೀಡ್ ಮಾಡಿದ್ಯಾ?’ ಮಾಡಿದ್ದೇನೆ ಸ್ವಾಮಿ. ಚಿಕ್ಕ ಹಿತ್ತಾಳೆ ಕೀಲಿ ತಿರುಗಿಸಿದರೆ ಸುಯ್ ಅಂತ ಗಾಳಿ ಹೋಗಿ ನೀರು ಚಿಮ್ಮುತ್ತದೆ, ಏನೋ ದೊಡ್ಡ ಕೆಲಸ ಮಾಡಿದ ಹಾಗೆ ಖುಷಿಯಾಗುತ್ತದೆ. ಆದರೆ ಅದು ರೇಡಿಯೇಟರ್‌ನ ಮೇಲ್ಭಾಗ ತಣ್ಣಗಿದ್ದರೆ ಮಾತ್ರ ಔಷಧಿ. ಕೆಳಭಾಗ, ಅದರಲ್ಲೂ ನಡುಮಧ್ಯೆ ಕೆಳಗೆ ತಣ್ಣಗಿದ್ದರೆ ಅಲ್ಲಿ ಕಪ್ಪು ಕೆಸರು ಕೂತಿದೆ ಅಂತ ಅರ್ಥ. ನಮ್ಮ ಹಿಂದಿನ ರೂಮಿನದು ಎರಡೂ ಅಲ್ಲ. ಇಡೀ ರೇಡಿಯೇಟರ್ ಒಂದೇ ಸಮ, ಉಗುರು ಬೆಚ್ಚಗೆ. ಅಂದರೆ ಗಾಳಿಯೂ ಇಲ್ಲ, ಕೆಸರೂ ಇಲ್ಲ. ಬಿಸಿನೀರೇ ಸಾಕಷ್ಟು ಬರುತ್ತಿಲ್ಲ.

ಮೊದಲು ಥರ್ಮೋಸ್ಟಾಟಿಕ್ ವಾಲ್ವ್ ಮೇಲೆ ಅನುಮಾನ, ಅಂದರೆ ರೂಮಿನ ಬಿಸಿ ನೋಡಿಕೊಂಡು ರೇಡಿಯೇಟರ್‌ಗೆ ನೀರು ಬಿಡುವ ವಾಲ್ವ್. 1ರಿಂದ 5 ಅಂತ ನಂಬರ್ ಇರುವ ಬಿಳಿ ತಲೆ ಬಿಚ್ಚಿದರೆ ಒಳಗೆ ಒಂದು ಲೋಹದ ಪಿನ್ ಇರುತ್ತದೆ. ಒತ್ತಿದರೆ ಒಳಗೆ ಹೋಗಬೇಕು, ಬಿಟ್ಟರೆ ತಾನೇ ಮೇಲೆ ಬರಬೇಕು. ಬೇಸಿಗೆಯಲ್ಲಿ ತಲೆ ಮುಚ್ಚಿದ ಸ್ಥಿತಿಯಲ್ಲೇ ಬಿಟ್ಟರೆ ಪಿನ್ ಕೆಳಗೇ ಅಂಟಿಕೊಳ್ಳುತ್ತದೆ. ಹಿಂದಿನ ರೂಮಿನ ಪಿನ್ ಸರಿಯಾಗಿತ್ತು. ಮಗಳ ರೂಮಿನದು ಅಂಟಿತ್ತು. ವಾಲ್ವ್‌ನ ಪಕ್ಕಕ್ಕೆ ಮೆಲ್ಲಗೆ ತಟ್ಟಿ, ಸ್ಪ್ಯಾನರ್‌ನ ಚಪ್ಪಟೆ ಭಾಗದಿಂದ ಒತ್ತಿ ಬಿಟ್ಟು ಮಾಡಿದ ಮೇಲೆ ಸಡಿಲವಾಯಿತು. ಇಕ್ಕಳದಲ್ಲಿ ಹಿಡಿದು ಎಳೆಯಲು ಹೋಗಬೇಡಿ. ಪಿನ್ ಪೂರ್ತಿ ಈಚೆ ಬಂದರೆ ಅಲ್ಲಿಂದ ನೀರು ಚಿಮ್ಮುತ್ತದೆ, ಕಾರ್ಪೆಟ್ ಗತಿ ಮುಗಿಯಿತು.

ಸೆಪ್ಟೆಂಬರ್ ಮೂರನೇ ವಾರ

ಸರ್ವಿಸ್ ಆಯಿತು. ಬಾಯ್ಲರ್‌ನ ಮುಚ್ಚಳ ತೆಗೆಯುವ ಕೆಲಸಕ್ಕೆ ಮಾತ್ರ ನಾನು ಕೈ ಹಾಕುವುದಿಲ್ಲ. ಬ್ರಿಟನ್ನಿನಲ್ಲಿ ಗ್ಯಾಸ್ ಕೆಲಸ ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿ ಹೆಸರಿರುವವರೇ ಮಾಡಬೇಕು. 2009ರಲ್ಲಿ ಕಾರ್ಗಿ ಅನ್ನುವ ಹಳೆಯ ನೋಂದಣಿಯ ಜಾಗಕ್ಕೆ ಬಂದ ವ್ಯವಸ್ಥೆ ಅದು. ಅವರ ಗುರುತಿನ ಚೀಟಿಯ ಹಿಂಬದಿಯಲ್ಲಿ ಯಾವ ಯಾವ ಕೆಲಸಕ್ಕೆ ಅರ್ಹತೆ ಇದೆ ಅಂತ ಬರೆದಿರುತ್ತದೆ, ಕೇಳಿ ನೋಡಬಹುದು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಬಂದವರು ಹೊಗೆ ಕೊಳವೆಯಲ್ಲಿ ಅನಲೈಸರ್ ಇಟ್ಟು ಅಳೆದರು. ಮ್ಯಾಗ್ನೆಟಿಕ್ ಫಿಲ್ಟರ್ ಬಿಚ್ಚಿದಾಗ ಆಯಸ್ಕಾಂತದ ತುಂಬಾ ಕರಿ ಲೇಹ್ಯ ಅಂಟಿತ್ತು. ಮ್ಯಾಗ್ನೆಟೈಟ್ ಅಂದರೆ ಅದೇ, ರೇಡಿಯೇಟರ್‌ಗಳ ಉಕ್ಕು ಒಳಗಿನಿಂದ ತುಕ್ಕು ಹಿಡಿದು ಆದ ಕಪ್ಪು ಪುಡಿ. ಫಿಲ್ಟರ್ ತೊಳೆದು, ಇನ್‌ಹಿಬಿಟರ್ ಹೊಸದಾಗಿ ಹಾಕಿಸಿದೆ. ಅಕ್ಟೋಬರ್ ಕೊನೆಗೆ ಇದೇ ಜನರನ್ನು ಕರೆದರೆ ವಾರಗಟ್ಟಲೆ ಕಾಯಬೇಕು.

ಕಾರ್ಬನ್ ಮಾನಾಕ್ಸೈಡ್ ಅಲಾರಂ ಬಟನ್ ಒತ್ತಿ ನೋಡಿದೆ, ಕಿರುಚಿತು. ಆದರೆ ಬೆನ್ನಿಗೆ ಅಚ್ಚಾದ ಅವಧಿ ಮುಗಿಯುತ್ತಾ ಬಂದಿದೆ. ಬಟನ್ ಒತ್ತಿದರೆ ಗೊತ್ತಾಗುವುದು ಬ್ಯಾಟರಿ ಮತ್ತು ಸದ್ದು ಸರಿ ಇದೆ ಅಂತ, ಸೆನ್ಸರ್ ಹಳತಾಗಿದೆಯಾ ಅಂತ ಅಲ್ಲ. ಹೊಸದು ತಂದು ಹಾಕಿದೆ.

ಸೆಪ್ಟೆಂಬರ್ ಕೊನೆ

ಈಗ ಮುಖ್ಯ ಕೆಲಸ, ಬ್ಯಾಲೆನ್ಸಿಂಗ್. ಅಂದರೆ ಬಿಸಿನೀರನ್ನು ಎಲ್ಲಾ ರೇಡಿಯೇಟರ್‌ಗಳಿಗೂ ಸರಿಯಾಗಿ ಹಂಚುವುದು.

ನೀರು ಯಾವ ದಾರಿ ಸುಲಭವೋ ಅಲ್ಲೇ ಹರಿಯುತ್ತದೆ. ನಮ್ಮ ಮನೆಯಲ್ಲಿ ಪೈಪ್ ಮೊದಲು ಹೋಗುವುದು ಪ್ಯಾಸೇಜಿಗೆ, ಕೊನೆಗೆ ಹೋಗುವುದು ಹಿಂದಿನ ರೂಮಿಗೆ. ಅಪ್ಪನಿಗೆ ಫೋನಿನಲ್ಲಿ ಹೇಳುತ್ತಿದ್ದಂತೆ ಅವರೇ ಅಂದರು, ‘ಭದ್ರಾ ನಾಲೆ ಕಥೆ ಅನ್ನು. ಮೇಲಿನವರು ಗದ್ದೆ ತುಂಬಿಸಿಕೊಂಡ ಮೇಲೆ ಕೊನೆಯವರಿಗೆ ಎಲ್ಲಿ ಬರುತ್ತೆ?’ ಸರಿಯಾಗಿ ಅದೇ. ಮೇಲಾಗಿ ನಮ್ಮ ಥರ್ಮೋಸ್ಟಾಟ್ ಇರುವುದೂ ಪ್ಯಾಸೇಜಿನಲ್ಲೇ. ಅಲ್ಲಿ ಬೇಗ ಬಿಸಿಯಾದ ತಕ್ಷಣ ಅದು ‘ಮನೆ ಬೆಚ್ಚಗಾಯಿತು’ ಅಂತ ಬಾಯ್ಲರ್ ಆಫ್ ಮಾಡಿಬಿಡುತ್ತದೆ. ಹಿಂದಿನ ರೂಮು ಆಗಷ್ಟೇ ಮೈ ಕಾಯಿಸಿಕೊಳ್ಳಲು ಶುರು ಮಾಡಿರುತ್ತದೆ. ಎಷ್ಟು ಬ್ಲೀಡ್ ಮಾಡಿದರೂ ಇದು ಸರಿಯಾಗುವುದಿಲ್ಲ, ಅಲ್ವಾ?

ಪ್ರತಿ ರೇಡಿಯೇಟರ್‌ನ ಇನ್ನೊಂದು ತುದಿಯಲ್ಲಿ ಎಷ್ಟು ನೀರು ಹರಿಯಬೇಕು ಅಂತ ನಿಗದಿ ಮಾಡುವ, ಪ್ಲಾಸ್ಟಿಕ್ ಟೋಪಿ ಹಾಕಿದ ವಾಲ್ವ್ ಇರುತ್ತದೆ, ಲಾಕ್‌ಶೀಲ್ಡ್. ಅದನ್ನು ಯಾರೂ ಮುಟ್ಟುವುದಿಲ್ಲ. ನಮ್ಮಲ್ಲಿ ಎಂಟಕ್ಕೆ ಎಂಟೂ ಪೂರ್ತಿ ತೆರೆದಿದ್ದವು. ಸಿಸ್ಟಮ್ ಜೋಡಿಸಿದವರು ಆ ಕೆಲಸವನ್ನೇ ಮಾಡದೆ ಹೋಗಿದ್ದಾರೆ.

ಮಾಡಿದ್ದು ಹೀಗೆ. ಎಲ್ಲಾ ಥರ್ಮೋಸ್ಟಾಟಿಕ್ ತಲೆ 5ಕ್ಕೆ, ಲಾಕ್‌ಶೀಲ್ಡ್ ಎಲ್ಲಾ ಪೂರ್ತಿ ತೆರೆದು, ಮನೆ ತಣ್ಣಗಿರುವಾಗ ಹೀಟಿಂಗ್ ಹಾಕಿ ಒಂದೊಂದನ್ನೇ ಮುಟ್ಟಿ ನೋಡುತ್ತಾ ಓಡಾಡಿದೆ. ಯಾವುದು ಮೊದಲು ಬಿಸಿಯಾಯಿತು, ಯಾವುದು ಕೊನೆಗೆ ಅಂತ ಪಟ್ಟಿ ಮಾಡಿದೆ. ಪ್ಯಾಸೇಜು ಎಲ್ಲರಿಗಿಂತ ಮುಂದೆ, ಹಿಂದಿನ ರೂಮು ಕಟ್ಟಕಡೆಗೆ. ಆಮೇಲೆ ಎಲ್ಲಾ ಆರಲು ಬಿಟ್ಟು ಮತ್ತೆ ಹಾಕಿ, ಪಟ್ಟಿಯ ಕ್ರಮದಲ್ಲೇ ಹೊರಟೆ. ಪ್ಯಾಸೇಜಿನ ಲಾಕ್‌ಶೀಲ್ಡ್ ಪೂರ್ತಿ ಮುಚ್ಚಿ ಕಾಲು ಸುತ್ತು ಮಾತ್ರ ತೆರೆದೆ. ಒಳಗೆ ಹೋಗುವ ಪೈಪಿಗೊಂದು, ಹೊರಗೆ ಬರುವ ಪೈಪಿಗೊಂದು ಕ್ಲಿಪ್ ಥರ್ಮಾಮೀಟರ್. ಹಳೆಯ ಲೆಕ್ಕದಲ್ಲಿ ಎರಡರ ನಡುವೆ 11–12 ಡಿಗ್ರಿ ವ್ಯತ್ಯಾಸ ಇರಬೇಕು. ಹೊಗೆಯ ಶಾಖವನ್ನೂ ವಾಪಸ್ ಪಡೆಯುವ ಕಂಡೆನ್ಸಿಂಗ್ ಬಾಯ್ಲರ್ ಇದ್ದರೆ 20ರವರೆಗೂ ಹೋಗಬಹುದು. ನಾನು 15ರ ಸುತ್ತಮುತ್ತ ಹಿಡಿದೆ.

ತಾಳ್ಮೆ ಬೇಡುವ ಕೆಲಸ ಇದು. ವಾಲ್ವ್ ಒಂದಿಷ್ಟು ತಿರುಗಿಸಿದರೆ ಸಾಕು, ಪರಿಣಾಮ ಕಾಣಲು ಹತ್ತು ನಿಮಿಷ ಕಾಯಬೇಕು. ಅಷ್ಟರಲ್ಲಿ ಬೇರೆ ರೂಮಿನ ಲೆಕ್ಕ ಏರುಪೇರಾಗಿರುತ್ತದೆ. ಮೊದಲ ಸುತ್ತಿನಲ್ಲಿ ಸರಿ ಮಾಡಿದ್ದನ್ನು ಎರಡನೇ ಸುತ್ತಿನಲ್ಲಿ ಮತ್ತೆ ತಿದ್ದಬೇಕಾಯಿತು. ಕೊನೆಗೆ ಪ್ಯಾಸೇಜು ಕಾಲು ಸುತ್ತಿಗಿಂತ ಒಂದಿಷ್ಟು ಜಾಸ್ತಿ, ಅಡುಗೆಮನೆ ಅರ್ಧ, ಹಿಂದಿನ ರೂಮು ಪೂರ್ತಿ ತೆರೆದು ನಿಂತಿತು. ಪ್ರತಿ ಲಾಕ್‌ಶೀಲ್ಡ್ ಟೋಪಿಯ ಒಳಗೆ ಸುತ್ತಿನ ಲೆಕ್ಕ ಮಾರ್ಕರ್‌ನಲ್ಲಿ ಬರೆದಿದ್ದೇನೆ. ಮುಂದೆ ಯಾರಾದರೂ ಗೋಡೆಗೆ ಬಣ್ಣ ಹೊಡೆಯಲು ರೇಡಿಯೇಟರ್ ಕಳಚಿದರೆ ಅದೇ ಜಾಗಕ್ಕೆ ತರಬಹುದು.

ಫಲಿತಾಂಶ: ಪ್ಯಾಸೇಜು 20 ಮುಟ್ಟುವಾಗ ಹಿಂದಿನ ರೂಮು 19.

ಅಕ್ಟೋಬರ್ ಮೊದಲ ವಾರ

ಬಾಯ್ಲರ್‌ನಿಂದ ಹೊರಡುವ ನೀರಿನ ಉಷ್ಣತೆ 75ಕ್ಕೆ ಇಟ್ಟಿತ್ತು. 60ಕ್ಕೆ ಇಳಿಸಿದೆ. ಕಂಡೆನ್ಸಿಂಗ್ ಬಾಯ್ಲರ್‌ಗಳು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2005ರಿಂದ ಹೆಚ್ಚು ಕಡಿಮೆ ಕಡ್ಡಾಯ. ಅವುಗಳ ಲಾಭವೆಲ್ಲ ಹೊಗೆಯಲ್ಲಿರುವ ನೀರಾವಿಯನ್ನು ತಣಿಸಿ ಅದರ ಶಾಖ ವಾಪಸ್ ಪಡೆಯುವುದರಲ್ಲಿದೆ. ರೇಡಿಯೇಟರ್ ಸುತ್ತಿ ಬರುವ ನೀರು ಸುಮಾರು 55 ಡಿಗ್ರಿಗಿಂತ ಕೆಳಗಿದ್ದರೆ ಮಾತ್ರ ಅದು ನಡೆಯುತ್ತದೆ. 75ಕ್ಕೆ ಇಟ್ಟುಕೊಂಡು ಕಂಡೆನ್ಸಿಂಗ್ ಬಾಯ್ಲರ್ ಇದೆ ಅಂದುಕೊಳ್ಳುವುದು ನಮ್ಮ ಸಮಾಧಾನಕ್ಕೆ ಅಷ್ಟೇ. ಒಂದು ಎಚ್ಚರಿಕೆ: ಬಿಸಿನೀರು ಶೇಖರಿಸಿಡುವ ಸಿಲಿಂಡರ್ ಟ್ಯಾಂಕ್ ಇರುವ ಮನೆಯವರು ಹೀಗೆ ಇಳಿಸಬೇಡಿ. ಲೀಜನೆಲ್ಲಾ ಬ್ಯಾಕ್ಟೀರಿಯಾ ಬೆಳೆಯದಂತೆ ಸಿಲಿಂಡರ್ 60 ಡಿಗ್ರಿ ಮುಟ್ಟಬೇಕು, ಅದಕ್ಕೆ ಬಾಯ್ಲರ್ ಅದಕ್ಕಿಂತ ಬಿಸಿಯಾಗಿ ಕೊಡಬೇಕು. ಇದು ಕಾಂಬಿ, ಅಂದರೆ ಟ್ಯಾಂಕ್ ಇಲ್ಲದೆ ಬೇಕಾದಾಗಲೇ ನಲ್ಲಿಯ ನೀರು ಕಾಯಿಸುವ ಬಾಯ್ಲರ್ ಇರುವವರಿಗೆ ಮಾತ್ರ.

ಹಾಗೆ ತಣಿದ ನೀರು ಹೊರಗೆ ಹೋಗುವ ಬಿಳಿ ಪ್ಲಾಸ್ಟಿಕ್ ಪೈಪ್ ಈ ಸೀಮೆಯ ಹಳೇ ಗೋಳು. ಹೊರಗೋಡೆಯ ಮೇಲೆ ಸಣ್ಣ ಪೈಪ್ ಇದ್ದರೆ ಮೈನಸ್ ಚಳಿಗೆ ಹೆಪ್ಪುಗಟ್ಟುತ್ತದೆ. ಬಾಯ್ಲರ್ ಗೊಳಗೊಳ ಅಂತ ಸದ್ದು ಮಾಡಿ ನಿಂತುಬಿಡುತ್ತದೆ. 2010ರ ಡಿಸೆಂಬರ್ ಚಳಿಯಲ್ಲಿ ಬ್ರಿಟನ್ನಿನ ಎಷ್ಟೋ ಮನೆಗಳಲ್ಲಿ ಇದೇ ಆಗಿತ್ತು. ನಮ್ಮದೂ 21.5 ಮಿಲಿಮೀಟರ್‌ನದು, ಮೈಮೇಲೆ ಬಟ್ಟೆಯೇ ಇಲ್ಲದೆ ನಿಂತಿತ್ತು. ಸರ್ವಿಸ್‌ಗೆ ಬಂದವರಿಂದಲೇ ಹೊರಗಿನ ಭಾಗ 32 ಮಿಲಿಮೀಟರ್‌ಗೆ ಬದಲಿ ಮಾಡಿಸಿ, ಮಳೆ ತಡೆಯುವ ಫೋಮ್ ಸುತ್ತಿದೆ. ಹೆಪ್ಪುಗಟ್ಟಿದರೆ ಬೆಚ್ಚಗಿನ ನೀರು ಹುಯ್ಯಿರಿ, ಕುದಿಯುವ ನೀರು ಬೇಡ, ಪೈಪ್ ಸೀಳುತ್ತದೆ.

ಅಕ್ಟೋಬರ್ ಎರಡನೇ ವಾರ

60ಕ್ಕೆ ಇಳಿಸಿದ ಮೇಲೆ ರೇಡಿಯೇಟರ್ ಮುಟ್ಟಿದರೆ ಕೈ ಸುಡುವುದಿಲ್ಲ. ಹೆಂಡತಿ ಎರಡು ದಿನ ‘ಹೀಟಿಂಗ್ ಆನ್ ಇದೆಯಾ?’ ಅಂತ ಕೇಳಿದಳು. ಮನೆ ಬಿಸಿಯಾಗಲು ಮೊದಲಿಗಿಂತ ಹೊತ್ತು ಹಿಡಿಯುತ್ತದೆ, ಹಾಗಾಗಿ ಬೆಳಗಿನ ಟೈಮರ್ ಮುಕ್ಕಾಲು ಗಂಟೆ ಹಿಂದಕ್ಕೆ ತಂದಿದ್ದೇನೆ.

ಬಾಕಿ ಇರುವುದು ಒಂದು. ಅಂಗಡಿಯಲ್ಲಿ ರೇಡಿಯೇಟರ್‌ಗೆ ಇಷ್ಟು ವಾಟ್ ಅಂತ ಬರೆದಿರುವುದು ರೇಡಿಯೇಟರ್‌ನೊಳಗಿನ ನೀರಿನ ಸರಾಸರಿ ಉಷ್ಣತೆಗೂ ರೂಮಿಗೂ 50 ಡಿಗ್ರಿ ಅಂತರ ಇದೆ ಅಂತ ಹಿಡಿದು. ನಾನು ಈಗ ಕೊಡುತ್ತಿರುವುದು ಸುಮಾರು 32 ಡಿಗ್ರಿ ಅಂತರ. ಆ ಲೆಕ್ಕದಲ್ಲಿ ಬರುವ ಶಾಖ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಹಿಂದಿನ ರೂಮಿನದು ಸಿಂಗಲ್ ಪ್ಯಾನೆಲ್. ಹೊರಗೆ 8 ಡಿಗ್ರಿ ಇರುವಾಗ 19 ಮುಟ್ಟಿದ್ದು ಮೈನಸ್ 3ರಲ್ಲಿ ಮುಟ್ಟುತ್ತದಾ ಅಂತ ನನಗೆ ಅನುಮಾನ. ಅದೇ ಅಗಲದ ಡಬಲ್ ಪ್ಯಾನೆಲ್ ಹಾಕಿದರೆ ಸುಮಾರು ಒಂದೂಮುಕ್ಕಾಲು ಪಟ್ಟು ಶಾಖ ಸಿಗುತ್ತದೆ. ಪೈಪ್‌ಗಳ ನಡುವಿನ ಅಂತರ, ಗೋಡೆಯಿಂದ ದೂರ ಎರಡೂ ಅಳೆದಿಟ್ಟಿದ್ದೇನೆ. ನವೆಂಬರ್‌ನಲ್ಲಿ ಮೊದಲ ಸಲ ಇಬ್ಬನಿ ಹೆಪ್ಪುಗಟ್ಟಿದ ರಾತ್ರಿ ಆ ರೂಮಿನ ಥರ್ಮಾಮೀಟರ್ 18ಕ್ಕಿಂತ ಕೆಳಗಿಳಿದರೆ ಆರ್ಡರ್ ಮಾಡುವುದೇ.