ಲೈಪೊಸೋಮಲ್ ಡಾಕ್ಸೊರುಬಿಸಿನ್ ಡ್ರಿಪ್ ಹಾಕುವಾಗ

ಕೀಮೋ ವಾರ್ಡಿಗೆ ಡಾಕ್ಸೊರುಬಿಸಿನ್ ಎರಡು ರೂಪದಲ್ಲಿ ಬರುತ್ತದೆ. ಮಾಮೂಲಿಯದು ತಿಳಿಯಾದ ಕೆಂಪು ದ್ರಾವಣ. ಲೈಪೊಸೋಮಲ್ ಮಸುಕು ಕೆಂಪು. ಸುಮಾರು 100 ನ್ಯಾನೊಮೀಟರಿನ ಕೊಬ್ಬಿನ ಗುಳ್ಳೆಗಳೊಳಗೆ ಔಷಧ ತುಂಬಿರುತ್ತದೆ. ಅಮೆರಿಕದಲ್ಲಿ 1995ರಲ್ಲಿ ಡಾಕ್ಸಿಲ್ ಹೆಸರಲ್ಲಿ ಒಪ್ಪಿಗೆ ಪಡೆದದ್ದು ಇದೇ. ಒಂದರ ಬದಲು ಇನ್ನೊಂದು ಹೋದರೆ ಡೋಸು, ವೇಗ, ಸೈಕಲ್‌ಗಳ (ಚಿಕಿತ್ಸೆಯ ಸುತ್ತುಗಳ) ಅಂತರ ಎಲ್ಲವೂ ತಪ್ಪುತ್ತದೆ. ಚೀಟಿಯಲ್ಲಿ ಬರೀ 'ಡಾಕ್ಸೊ' ಅಂತಿದ್ದರೆ ವಯಲ್ (ಔಷಧದ ಸೀಸೆ) ಮುಟ್ಟುವ ಮೊದಲೇ ಡಾಕ್ಟರನ್ನು ಕೇಳಿಬಿಡಿ.

ಬೆರೆಸಲು 5% ಡೆಕ್ಸ್ಟ್ರೋಸ್ ಮಾತ್ರ. ಬೇರೆ ದ್ರವದಲ್ಲಿ, ಅದರಲ್ಲೂ ಕೆಡದಂತೆ ಬೆಂಜೈಲ್ ಆಲ್ಕೋಹಾಲ್ ಸೇರಿಸಿರುವುದರಲ್ಲಿ, ಔಷಧ ಗಸಿಗಟ್ಟಬಹುದು. ಡೋಸು 90 ಮಿ.ಗ್ರಾಂವರೆಗಿದ್ದರೆ 250 ಮಿ.ಲೀ. ಡೆಕ್ಸ್ಟ್ರೋಸ್, ಅದಕ್ಕೂ ಹೆಚ್ಚಾದರೆ 500. ಇನ್‌ಲೈನ್ ಫಿಲ್ಟರ್ (ಡ್ರಿಪ್ ಟ್ಯೂಬಿನ ನಡುವೆ ಹಾಕುವ ಸೋಸುಕ) ಬೇಡ. ಬೆರೆಸಿದ್ದನ್ನು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿಟ್ಟು 24 ಗಂಟೆಯೊಳಗೆ ಬಳಸಬೇಕು.

ಹೆಚ್ಚು ಎಡವುವುದು ವೇಗದಲ್ಲಿ. ಶುರುವಿನಲ್ಲಿ ನಿಮಿಷಕ್ಕೆ 1 ಮಿ.ಗ್ರಾಂ. ಅಂಡಾಶಯದ ಕ್ಯಾನ್ಸರಿಗೆ ಚದರ ಮೀಟರಿಗೆ 50 ಮಿ.ಗ್ರಾಂ ಬರೆದಿದ್ದಾರೆ, ರೋಗಿಯ ಮೈ ವಿಸ್ತೀರ್ಣ 1.6 ಅಂದುಕೊಳ್ಳಿ: 80 ಮಿ.ಗ್ರಾಂ, ವಯಲಿನಲ್ಲಿ ಮಿಲಿಲೀಟರಿಗೆ 2 ಮಿ.ಗ್ರಾಂ ಇರುವುದರಿಂದ 40 ಮಿ.ಲೀ. ಬಾಟಲಿಯಿಂದ ಅಷ್ಟೇ ಡೆಕ್ಸ್ಟ್ರೋಸ್ ತೆಗೆದು ಔಷಧ ಸೇರಿಸಿದರೆ ಒಟ್ಟು 250 ಮಿ.ಲೀ. ಆಗ ಪಂಪಿನಲ್ಲಿ ಗಂಟೆಗೆ 187 ಮಿ.ಲೀ.; ಮಿಲಿಲೀಟರಿಗೆ 20 ಹನಿಯ ಸೆಟ್ಟಿನಲ್ಲಿ ನಿಮಿಷಕ್ಕೆ ಸುಮಾರು 62 ಹನಿ. ಏನೂ ತೊಂದರೆ ಕಾಣದಿದ್ದರೆ ಮಾತ್ರ ಏರಿಸಿ, ಒಟ್ಟು ಒಂದು ಗಂಟೆಯಲ್ಲಿ ಮುಗಿಸಬಹುದು.

ಮುಖ ಕೆಂಪೇರುವುದು, ಎದೆ ಬಿಗಿಯುವುದು, ಬೆನ್ನು ನೋವು, ಉಸಿರು ಕಟ್ಟಿದಂತಾಗುವುದು ಸಾಮಾನ್ಯವಾಗಿ ಮೊದಲ ಡೋಸಿನಲ್ಲೇ. ತಕ್ಷಣ ಡ್ರಿಪ್ ನಿಲ್ಲಿಸಿ ಡಾಕ್ಟರನ್ನು ಕರೆಯಬೇಕು. ಗುಳ್ಳೆಗಳು ರಕ್ತದ ಕಾಂಪ್ಲಿಮೆಂಟ್ ವ್ಯವಸ್ಥೆಯನ್ನು (ಸೋಂಕಿನ ವಿರುದ್ಧ ಹೋರಾಡುವ ಪ್ರೋಟೀನುಗಳನ್ನು) ಕೆರಳಿಸುವುದರಿಂದ ಹೀಗಾಗುತ್ತದೆ. ವೇಗ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಹೀಗಾಗಿಯೇ ಕೊನೆಯಲ್ಲಿ ಲೈನನ್ನು ಜೋರಾಗಿ ಫ್ಲಶ್ ಮಾಡಬಾರದು, ಅಂದರೆ ದ್ರವ ನೂಕಿ ತೊಳೆಯಬಾರದು. ಟ್ಯೂಬಿನಲ್ಲಿ ಉಳಿದದ್ದೂ ಔಷಧವೇ ಅಲ್ಲವೇ? ರೂಢಿಯ ಬಲದಿಂದ ಕೈ ಸಲೈನ್ ಸಿರಿಂಜಿಗೆ ಹೋಗುತ್ತದೆ, ಜೋಕೆ.

ಮನೆಗೆ ಕಳಿಸುವಾಗ ಅಂಗೈ ಅಂಗಾಲಿನ ಬಗ್ಗೆ ಬಿಡಿಸಿ ಹೇಳಬೇಕು, ಇದಕ್ಕೆ ಐದು ನಿಮಿಷ ಕೊಡಲೇಬೇಕು. ಔಷಧ ತುಂಬಿದ ಗುಳ್ಳೆಗಳು ದಿನಗಟ್ಟಲೆ ರಕ್ತದಲ್ಲಿ ಸುತ್ತುತ್ತವೆ. ಬಿಸಿ, ಒತ್ತಡ ಬಿದ್ದ ಕಡೆ ಚರ್ಮಕ್ಕೆ ಸೋರುತ್ತವೆ. ನಾಲ್ಕೈದು ದಿನ ಬಿಸಿನೀರಿನ ಸ್ನಾನ, ಬಿಸಿನೀರಲ್ಲಿ ಪಾತ್ರೆ ತೊಳೆಯುವುದು, ಬಿಗಿ ಚಪ್ಪಲಿ, ಬಟ್ಟೆ ಕುಕ್ಕುವುದು ಬೇಡ. ಎರಡು ಮೂರು ಸೈಕಲ್ ಆದಮೇಲೆ ಉರಿ, ಕೆಂಪು ಕಾಣಿಸುವುದುಂಟು. ಎಷ್ಟೋ ಹೆಂಗಸರು ಇದನ್ನು ಹೇಳದೆ ನುಂಗಿಕೊಳ್ಳುತ್ತಾರೆ. ಪ್ರತಿ ಸೈಕಲ್‌ಗೂ ಅಂಗೈ ಬಿಡಿಸಿ ನೋಡಿ. ಚರ್ಮ ಸುಲಿದಿದ್ದರೆ ಬೆರೆಸುವ ಮೊದಲೇ ಡಾಕ್ಟರಿಗೆ ತೋರಿಸಿ, ಡೋಸು ಮುಂದೂಡಬೇಕೋ ಇಳಿಸಬೇಕೋ ಅವರು ನಿರ್ಧರಿಸುತ್ತಾರೆ.