ಜೂನ್ ಮೊದಲ ವಾರದ ಗ್ರ್ಯಾಂಡ್ ಟೀಟನ್: ಮೇಲೆ ಹಿಮ, ಕೆಳಗೆ ಮರಿಗಳು

ಅಮೆರಿಕದ ವಯೋಮಿಂಗ್ ರಾಜ್ಯದ ಗ್ರ್ಯಾಂಡ್ ಟೀಟನ್ ನ್ಯಾಷನಲ್ ಪಾರ್ಕ್‌ಗೆ ಜೂನ್ ಶುರುವಿನಲ್ಲಿ ಹೋಗುತ್ತಿದ್ದೀರಾ? ಹಾಗಾದರೆ ಎತ್ತರ ನೋಡಿ ಪ್ಲ್ಯಾನ್ ಮಾಡಿ, ದೂರ ನೋಡಿ ಅಲ್ಲ. ಜೆನ್ನಿ ಲೇಕ್ ಇರುವುದು ಸುಮಾರು 2,070 ಮೀಟರ್ ಎತ್ತರದಲ್ಲಿ. ನಾವು ಹೊರಟಿದ್ದ ಲೇಕ್ ಸಾಲಿಟ್ಯೂಡ್ ಸುಮಾರು 2,750ರಲ್ಲಿ. ಅಲ್ಲಿಗೆ ನಾವು ಮುಟ್ಟಲೇ ಇಲ್ಲ.

ಬೆಳಿಗ್ಗೆ ಮೊದಲ ದೋಣಿಯಲ್ಲೇ ಜೆನ್ನಿ ಲೇಕ್ ದಾಟಿದೆವು. ಹಿಮ ಕರಗಿದ ನೀರಿಗೆ ಹಿಡನ್ ಫಾಲ್ಸ್ ಅಬ್ಬರಿಸುತ್ತಿತ್ತು. ಇನ್‌ಸ್ಪಿರೇಷನ್ ಪಾಯಿಂಟ್‌ವರೆಗೆ ಬರೀ ಕೆಸರು. ಮುಂದಿನ ಕ್ಯಾಸ್ಕೇಡ್ ಕ್ಯಾನ್ಯನ್ ಕಣಿವೆಯೊಳಗೆ ನೆರಳಿದ್ದ ಕಡೆಯೆಲ್ಲ ಹಿಮ. ಬೆಳಿಗ್ಗೆ ಗಟ್ಟಿಯಾಗಿದ್ದದ್ದು ಬಿಸಿಲೇರಿದಂತೆ ಮೆತ್ತಗಾಯಿತು. ಒಂದು ಬಂಡೆ ಪಕ್ಕ ಕಾಲಿಟ್ಟೆ, ತೊಡೆವರೆಗೆ ಹೂತುಹೋಯಿತು. ಬಂಡೆ ಬಿಸಿಲಿಗೆ ಕಾದು ಪಕ್ಕದ ಹಿಮವನ್ನು ಒಳಗಿಂದಲೇ ಕರಗಿಸಿರುತ್ತದೆ. ಮೇಲಿಂದ ಏನೂ ಗೊತ್ತಾಗುವುದಿಲ್ಲ. ಬೂಟಿಗೆ ಮೈಕ್ರೋಸ್ಪೈಕ್ (ಹಿಮದಲ್ಲಿ ಹಿಡಿತಕ್ಕೆ ತೊಡಿಸುವ ಸಣ್ಣ ಮುಳ್ಳಿನ ಸರಪಳಿ) ಹಾಕಿದ್ದೆ, ಆದರೆ ಅದು ಜಾರುವುದನ್ನು ತಡೆಯುತ್ತದೆ, ಕುಸಿಯುವುದನ್ನಲ್ಲ. ಕಣಿವೆ ಕವಲೊಡೆಯುವ ಮೊದಲೇ ವಾಪಸ್ ತಿರುಗಿದೆವು. ಇನ್ನೂ ಮೇಲಿರುವ ಪೇಂಟ್‌ಬ್ರಷ್ ಡಿವೈಡ್ ಎಂಬ ಬೆಟ್ಟದ ಕಣಿವೆದಾರಿಯಲ್ಲಂತೂ ಜುಲೈನಲ್ಲೂ ಐಸ್ ಆಕ್ಸ್ (ಹಿಮಕ್ಕೆ ನಾಟಿ ಹಿಡಿತ ಪಡೆಯುವ ಕೊಡಲಿ) ಬೇಕಾಗಬಹುದು. ಅದನ್ನು ಬಳಸಲು ಬರದಿದ್ದರೆ ಸುಮ್ನೆ ಹೋಗಬೇಡಿ.

ಇಳಿಯುವಾಗ ಮರಿಯ ಜೊತೆ ಒಂದು ಹೆಣ್ಣು ಮೂಸ್ (ಜಿಂಕೆ ಜಾತಿಯ ಭಾರಿ ಪ್ರಾಣಿ) ದಾರಿಗೆ ಅಡ್ಡ ನಿಂತಿತ್ತು. ಅರ್ಧ ಗಂಟೆ ಕಾದೆವು. ಪಾರ್ಕಿನ ನಿಯಮದ ಪ್ರಕಾರ ಕರಡಿ, ತೋಳದಿಂದ 91 ಮೀಟರ್, ಉಳಿದ ಪ್ರಾಣಿಗಳಿಂದ 23 ಮೀಟರ್ ದೂರ ಇರಬೇಕು. ಮರಿ ಇರುವ ಮೂಸ್‌ಗೆ 23 ನನಗಂತೂ ಸಾಲದು.

ನಿಜ ಹೇಳಬೇಕೆಂದರೆ, ಪ್ರಾಣಿ ನೋಡಲು ಬೆಟ್ಟ ಹತ್ತಬೇಕಾಗಿಯೇ ಇರಲಿಲ್ಲ. ಮೇಲೆಲ್ಲ ಹಿಮ, ಹಸಿರು ಮೇವು ಇರುವುದೇ ಕೆಳಗೆ. ಬಯಲಲ್ಲಿ ಕಿತ್ತಳೆ ಬಣ್ಣದ ಬೈಸನ್ ಕರುಗಳು ಓಡಾಡುತ್ತಿದ್ದವು. ಎಲ್ಕ್ ಎಂಬ ದೊಡ್ಡ ಜಿಂಕೆಗಳು ಮರಿ ಹಾಕುವುದೂ ಈಗಲೇ, ಆ ಮರಿಗಳನ್ನು ಹುಡುಕಿಕೊಂಡು ಕರಡಿ ಬರುವುದೂ ಈಗಲೇ. ನಸುಕಿನಲ್ಲೇ ನದಿ ತಿರುವಿನ ಆಕ್ಸ್‌ಬೋ ಬೆಂಡ್‌ಗೆ ಹೋಗಿ, ಬೈನಾಕ್ಯುಲರ್ ಹಿಡಿದು ಕಾರಿನ ಪಕ್ಕ ನಿಂತರೂ ಸಾಕು.

ಬೇರ್ ಸ್ಪ್ರೇ (ಕರಡಿ ಮೈಮೇಲೆ ಬಂದರೆ ಎರಚುವ ಖಾರದ ಸ್ಪ್ರೇ) ವಿಮಾನದಲ್ಲಿ ಬಿಡುವುದಿಲ್ಲ, ಚೆಕ್-ಇನ್ ಬ್ಯಾಗಲ್ಲೂ ಇಲ್ಲ. ಅಲ್ಲೇ ಕೊಳ್ಳಿ, ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಬ್ಯಾಗಿನ ತಳದಲ್ಲಿದ್ದರೆ ಏನು ಪ್ರಯೋಜನ ಅಲ್ವಾ? ಹೊಳೆಯ ಸದ್ದು ಜಾಸ್ತಿ ಇರುವ ಕಡೆ ಜೋರಾಗಿ ಮಾತಾಡುತ್ತಾ ನಡೆಯಿರಿ, ಕರಡಿಗೆ ನೀವು ಬರುವುದು ಕೇಳಬೇಕು.

ಮತ್ತೆ, ಕಾರಿನಲ್ಲಿ ಎರಡು ಜೊತೆ ಒಣ ಸಾಕ್ಸ್ ಇಟ್ಟಿರಿ. ನನ್ನ ಹತ್ತಿರ ಒಂದೂ ಇರಲಿಲ್ಲ.