ವೀಸಾ ಹತ್ತು ವರ್ಷದ್ದು, ಇರಲು ಬಿಟ್ಟಿದ್ದು ಆರೇ ತಿಂಗಳು

ನ್ಯೂಜೆರ್ಸಿಯ ಮಗಳ ಮನೆಗೆ ನಾನು, ನನ್ನಾಕೆ ಹೊರಟಾಗ ಹುಬ್ಬಳ್ಳಿಯ ಟ್ರಾವೆಲ್ ಏಜೆಂಟರು ಧೈರ್ಯ ತುಂಬಿದ್ದರು. 'ಹತ್ತು ವರ್ಷದ ವೀಸಾ ಐತ್ರೀ ಸರ, ಚಿಂತಿ ಯಾಕ? ಆರಾಮ್ ಇದ್ದ ಬರ್ರಿ.' ಆ ಮಾತು ನಂಬಿ ಕೂತಿದ್ದರೆ ನಮ್ಮ ವೀಸಾ ಇಷ್ಟೊತ್ತಿಗೆ ರದ್ದಾಗಿರುತ್ತಿತ್ತು.

ವಿಷಯ ಇಷ್ಟೇ. ಪಾಸ್‌ಪೋರ್ಟಿಗೆ ಅಂಟಿಸಿದ ಬಿ-2 ವೀಸಾದ (ಪ್ರವಾಸಿ ವೀಸಾ) ತಾರೀಖು ಅಮೆರಿಕದ ಬಾಗಿಲಿಗೆ ಎಲ್ಲಿವರೆಗೆ ಹೋಗಬಹುದು ಅಂತ ಹೇಳುತ್ತದೆ. ಒಳಗೆ ಎಷ್ಟು ದಿನ ಇರಬಹುದು ಅಂತ ಹೇಳುವುದು ಐ-94 ಅನ್ನೋ ದಾಖಲೆ. ಅದನ್ನು ಕೈಗೆ ಕೊಡುವುದಿಲ್ಲ, ಸರ್ಕಾರದ ವೆಬ್‌ಸೈಟಿನಿಂದ ನಾವೇ ತೆಗೆದುಕೊಳ್ಳಬೇಕು. ಇಳಿದ ವಾರದಲ್ಲೇ ತೆಗೆದು ಪ್ರಿಂಟ್ ಮಾಡಿ ಇಟ್ಟುಕೊಳ್ಳಿ. ನಾವು ಇಳಿದಿದ್ದು 2024ರ ಮೇ 12ಕ್ಕೆ. ಐ-94ರಲ್ಲಿ ಇದ್ದದ್ದು ನವೆಂಬರ್ 11. ಆ ದಿನ ದಾಟಿ ಒಂದು ದಿನ ಸುಮ್ನೆ ಉಳಿದರೂ ಹತ್ತು ವರ್ಷದ ವೀಸಾ ಹೋಯಿತು ಅಂತಲೇ. ಆ ತಾರೀಖಿನ ಮೇಲೆ 180 ದಿನಕ್ಕಿಂತ ಜಾಸ್ತಿ ಉಳಿದು ವಾಪಸ್ ಬಂದರೆ ಮೂರು ವರ್ಷ, ವರ್ಷವೇ ಮೀರಿದರೆ ಹತ್ತು ವರ್ಷ ಆ ದೇಶದ ಕಡೆ ತಲೆ ಹಾಕುವಂತಿಲ್ಲ.

ನಮಗೆ ಉಳಿಯುವ ಆಸೆಯೇನೂ ಇರಲಿಲ್ಲ. ಆರು ತಿಂಗಳು ಅಲ್ಲಿ ಜಾಸ್ತಿಯೇ. ಓಣಿಯಲ್ಲಿ ಒಂದು ನಾಯಿ ಬೊಗಳುವ ಸದ್ದೂ ಇಲ್ಲ! ಆದರೆ ಸೆಪ್ಟೆಂಬರ್‌ನಲ್ಲಿ ನನ್ನಾಕೆ ನೆಲಮಾಳಿಗೆಯ ಮೆಟ್ಟಿಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಳು. ಆಪರೇಶನ್ ಆಯಿತು, ಫಿಸಿಯೋಥೆರಪಿ ಡಿಸೆಂಬರ್‌ವರೆಗೆ ಅಂದರು. 'ಈ ಕೈಯಾಗ ಇಪ್ಪತ್ತ ತಾಸ ವಿಮಾನ ಆಗೂದಿಲ್ರೀ' ಅಂದಳು.

ಅವಧಿ ವಿಸ್ತರಣೆಗೆ ಐ-539 ಅರ್ಜಿ. ಐ-94 ಮುಗಿಯುವ ಮೊದಲೇ ಅದು ತಲುಪಿರಬೇಕು. ಕನಿಷ್ಠ 45 ದಿನ ಮೊದಲು ಹಾಕಿ ಅಂತ ಅಮೆರಿಕದ ವಲಸೆ ಇಲಾಖೆಯವರೇ ಹೇಳುತ್ತಾರೆ. ನಾವು ಸೆಪ್ಟೆಂಬರ್ 23ಕ್ಕೆ ಅಂಚೆಯಲ್ಲಿ ಕಳಿಸಿದೆವು. ಒಂದೇ ಅರ್ಜಿಯಲ್ಲಿ ಗಂಡ-ಹೆಂಡತಿ ಇಬ್ಬರೂ ಸೇರಬಹುದು, ಎರಡನೆಯವರಿಗೆ ಐ-539ಎ ತುಂಬಬೇಕು. ಆಗ ಶುಲ್ಕ ಒಂದೇ. ಕಾಗದದ ಅರ್ಜಿಗೆ 470 ಡಾಲರ್ ಇತ್ತು, ಆನ್‌ಲೈನ್‌ಗೆ 420. ಹೊರಡುವ ಮುಂಚೆ ಹೊಸ ದರ ನೋಡಿಕೊಳ್ಳಿ. ನಾವು ಮಗಳ ಚೆಕ್ ಇಟ್ಟಿದ್ದೆವು, 2025ರ ಅಕ್ಟೋಬರ್ ಕೊನೆಯಿಂದ ಕಾಗದದ ಚೆಕ್ ನಡೆಯುವುದಿಲ್ಲ.

ಅರ್ಜಿಗಿಂತ ಮುಖ್ಯ ಅದರ ಜೊತೆಗಿನ ಪತ್ರ. ಯಾಕೆ ಉಳಿಯಬೇಕು, ಯಾವ ದಿನದವರೆಗೆ, ಖರ್ಚು ಯಾರದು, ವಾಪಸ್ ಹೋಗುತ್ತೀರಿ ಅನ್ನಲು ಏನು ಸಾಕ್ಷಿ, ಇಷ್ಟನ್ನು ಒಂದೇ ಪುಟದಲ್ಲಿ ನೇರವಾಗಿ ಬರೆಯಿರಿ. ಡಾಕ್ಟರ ಪತ್ರ, ಮಗಳ ಬ್ಯಾಂಕ್ ಸ್ಟೇಟ್‌ಮೆಂಟ್, ತಾರೀಖು ಬದಲಿಸಿದ ವಾಪಸ್ ಟಿಕೆಟ್, ನನ್ನ ಪಿಂಚಣಿ ಕಾಗದ, ಧಾರವಾಡದ ಮನೆಯ ಕರ ತುಂಬಿದ ಪಾವತಿ, ಹೊಲದ ಉತಾರ (ಪಹಣಿ) ಇಟ್ಟೆವು. ಉತಾರ ಕನ್ನಡದಲ್ಲಿದ್ದದ್ದರಿಂದ ಇಂಗ್ಲಿಷ್ ಅನುವಾದವೂ ಬೇಕಾಯಿತು. ಊರಿನ ಕಾಗದಗಳನ್ನು ನನ್ನ ತಮ್ಮ ವಾಟ್ಸಾಪ್‌ನಲ್ಲಿ ಕಳಿಸಿದ. ನೀವು ಹೊರಡುವಾಗಲೇ ಇವುಗಳ ಒಂದು ಫೈಲು ಮಾಡಿಕೊಂಡು ಹೋಗಿ, ಭಾರವೇನೂ ಆಗುವುದಿಲ್ಲ. ಪಾಸ್‌ಪೋರ್ಟಿನ ಅವಧಿಯೂ ಸಾಕಷ್ಟು ಉಳಿದಿರಲಿ. ನವೀಕರಣ ಬೇಕಿದ್ದರೆ ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲೇ ಮುಗಿಸಿಕೊಂಡು ಹೊರಡಿ.

ಮೂರು ವಾರಕ್ಕೆ ರಸೀದಿ ಬಂತು. ನಿರ್ಧಾರ ಮಾತ್ರ ಬರಲಿಲ್ಲ. ಸಮಯಕ್ಕೆ ಸರಿಯಾಗಿ ಅರ್ಜಿ ಹಾಕಿದ್ದರೆ, ಅದು ಬಾಕಿ ಇರುವಷ್ಟು ದಿನ ಅಕ್ರಮವಾಗಿ ಉಳಿದಂತೆ ಲೆಕ್ಕ ಆಗುವುದಿಲ್ಲ. ಆದರೆ ತಿರಸ್ಕಾರ ಬಂದರೆ ತಕ್ಷಣ ಗಂಟು ಕಟ್ಟಬೇಕು. ನಾವು ಜನವರಿ 31ರವರೆಗೆ ಕೇಳಿದ್ದೆವು, ನನ್ನಾಕೆಯ ಕೈ ನೆಟ್ಟಗಾದ ಕೂಡಲೇ ಜನವರಿ 9ಕ್ಕೇ ಹೊರಟೆವು. ಕೇಳಿದ ದಿನದ ತುದಿಯವರೆಗೆ ಕಾಯಬೇಡಿ ಅಂತಲೇ ನನ್ನ ಮಾತು.

ಎರಡು ಕಡೆ ನಾನು ಎಡವಿದೆ. ಇನ್ಶೂರೆನ್ಸ್ 180 ದಿನಕ್ಕೆ ಮುಗಿಯುತ್ತಿತ್ತು. ಕೊನೇ ವಾರದಲ್ಲಿ ಓಡಾಡಿ, ಜಾಸ್ತಿ ದುಡ್ಡು ಕೊಟ್ಟು ಹೊಸದು ಮಾಡಿಸಿದೆವು, ಅದೂ ಮುರಿದ ಕೈಯನ್ನು ಬಿಟ್ಟು. ಇನ್ನೊಂದು ಪಿಂಚಣಿ. ನವೆಂಬರ್‌ನಲ್ಲಿ ಕೊಡಬೇಕಾದ ಜೀವಿತ ಪ್ರಮಾಣಪತ್ರ ನೆನಪೇ ಆಗಲಿಲ್ಲ. ಬ್ಯಾಂಕಿನವರು ಪಿಂಚಣಿ ನಿಲ್ಲಿಸಿದ್ದರು. ಬದುಕಿದ್ದೇನೆ ಅಂತ ತೋರಿಸಲು ಖುದ್ದು ಹೋಗಿ ನಿಂತ ಮೇಲೆ ಬಾಕಿ ಸೇರಿ ಬಂತು. ನಮ್ಮೂರಿನ ಸಿಮ್ ಕಾರ್ಡನ್ನೂ ರೀಚಾರ್ಜ್ ಮಾಡಿಸಿ ಜೊತೆಗಿಟ್ಟುಕೊಳ್ಳಿ, ಇಲ್ಲದಿದ್ದರೆ ಬ್ಯಾಂಕಿನ ಓಟಿಪಿ ಬರುವುದಿಲ್ಲ.

ಬೆಂಗಳೂರಲ್ಲಿ ಇಳಿದು, ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ, ಸಂಕ್ರಮಣದ ಸಜ್ಜಿ ರೊಟ್ಟಿ ಹೊತ್ತಿಗೆ ಮನೆಯಲ್ಲಿದ್ದೆವು. ಐ-539ರ ರಸೀದಿ, ವಾಪಸ್ ಬಂದ ಬೋರ್ಡಿಂಗ್ ಪಾಸುಗಳು ಮನೆಯ ಟ್ರೆಜರಿಯಲ್ಲಿ (ಕಪಾಟಿನಲ್ಲಿ) ಉತಾರದ ಪಕ್ಕದಲ್ಲೇ ಇವೆ. ಮುಂದಿನ ಸಲ ಹೋದಾಗ ನವೆಂಬರ್ 11ರ ನಂತರವೂ ಯಾಕೆ ಇದ್ದಿರಿ ಅಂತ ಇಮಿಗ್ರೇಶನ್ ಅಧಿಕಾರಿ ಕೇಳಿಯೇ ಕೇಳುತ್ತಾನೆ.